ಹಸಿರು ಹುಳದ ಕೆಳನೋಟ

ಒಂದೇ ಕಡೆಯಿಂದ ಬರೆದ ಚಿತ್ರವನ್ನು ನಾನು ಚಿತ್ರ ಎಂದು ಒಪ್ಪುವುದಿಲ್ಲ. ಪೀಣ್ಯದ ಕಾರ್ಖಾನೆಯೊಂದರ ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತು ಕಲಿತ ಹಟ ಇದು. ಅಲ್ಲಿ ಒಂದು ಬೋಲ್ಟು ಬರೆದರೂ ಮೇಲಿನಿಂದ ಒಂದು, ಮುಂದಿನಿಂದ ಒಂದು, ಪಕ್ಕದಿಂದ ಒಂದು ನೋಟ ಇರಲೇಬೇಕಿತ್ತು. ಇಲ್ಲದಿದ್ದರೆ ಫೋರ್‌ಮನ್ ಹಾಳೆಯನ್ನು ಸುರುಳಿ ಸುತ್ತಿ ನನ್ನ ತಲೆಗೇ ಕುಟ್ಟುತ್ತಿದ್ದ. ಆ ಹಟವನ್ನು ಹೊತ್ತುಕೊಂಡೇ ನಾನು ಎಂಬತ್ತರ ದಶಕದ ಆರಂಭದಲ್ಲಿ ಸರ್ಕಾರಿ ಕೀಟ ವಿಭಾಗವೊಂದಕ್ಕೆ ಚಿತ್ರಕಾರನಾಗಿ ಸೇರಿದೆ. ಬೋಲ್ಟು ಬರೆಯುತ್ತಿದ್ದ ಕೈ ಹುಳ ಬರೆಯತೊಡಗಿತು. ಬೋಲ್ಟು ನಾರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ವಿಭಾಗದ ಮುಖ್ಯಸ್ಥೆಯನ್ನು ನಾವೆಲ್ಲ ಬರೀ ಮೇಡಂ ಎನ್ನುತ್ತಿದ್ದೆವು. ಐವತ್ತು ದಾಟಿದ, ಕಡ್ಡಿಯಂತಹ ಹೆಂಗಸು. ಕನ್ನಡಕವನ್ನು ಹಣೆಗೇರಿಸಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಪಕ್ಕದಲ್ಲಿ ಪಟಾಕಿ ಸಿಡಿದರೂ ತಲೆ ಎತ್ತುವವರಲ್ಲ. ಯಾರಾದರೂ 'ಇರಬಹುದು' ಎಂದರೆ ಮಾತ್ರ ಉರಿದು ಬೀಳುತ್ತಿದ್ದರು. "ಇರಬಹುದು ಅಂದ್ರೆ ನೋಡಿಲ್ಲ ಅಂತ ಅರ್ಥ ಕಣಯ್ಯ. ಹೋಗಿ ನೋಡ್ಕೊಂಡು ಬಾ" ಎಂದು ಓಡಿಸುತ್ತಿದ್ದರು. ನಾನು ಸೇರಿದ ಹೊಸದರಲ್ಲಿ ದಿನಕ್ಕೊಂದು ಸಲವಾದರೂ ಹಾಗೆ ಓಡುತ್ತಿದ್ದೆ. ಆ ಮಹಾತಾಯಿ ಎಂಥವರೆಂದು ನನಗೆ ನಿಜವಾಗಿ ತಿಳಿದದ್ದು ಒಂದು ಅವರೆಕಾಯಿ ಕಾಲದಲ್ಲಿ.

ಡಿಸೆಂಬರಿನ ಒಂದು ಬೆಳಿಗ್ಗೆ ನಮ್ಮ ಮೇಲಧಿಕಾರಿ ಸಾಹೇಬರು ಒಂದು ಚೀಲ ಅವರೆಕಾಯಿ ತಂದು ಮೇಡಂ ಮೇಜಿನ ಮೇಲೆ ಸುರಿದರು. ಮಾರತ್ತಹಳ್ಳಿಯಿಂದ ವೈಟ್‌ಫೀಲ್ಡ್ ಕಡೆಗೆ ಹೋಗುವ ದಾರಿಯ ಹಳ್ಳಿಯೊಂದರ ಕಾಯಿ. ಹೊರಗಿನಿಂದ ಏನೂ ಕೊರತೆ ಇಲ್ಲ; ದಪ್ಪಗೆ, ಹಸಿರಾಗಿ, ಮುಟ್ಟಿದರೆ ಬೆರಳಿಗೆ ಅಂಟುವಷ್ಟು ಜಿಡ್ಡು, ಮೂಗಿಗೆ ಹಿಡಿದರೆ ಗಮ್ಮೆನ್ನುವ ಸೊಗಡು. ಸುಲಿದರೆ ಒಳಗೆ ಮುದುರಿಕೊಂಡ ಕಾಳು, ಅದರ ಮೈಮೇಲೆ ಸೂಜಿ ಚುಚ್ಚಿದಂತಹ ಕಂದು ಚುಕ್ಕೆಗಳು. ಒಂದನ್ನು ಬಾಯಿಗೆ ಹಾಕಿಕೊಂಡೆ. ಕಹಿ.

"ಬೀಜ ಸೋತಿದೆ ಮೇಡಂ" ಎಂದರು ಸಾಹೇಬರು. "ಎಷ್ಟೋ ತಲೆಮಾರಿಂದ ಅದೇ ಬೀಜ ಹಾಕ್ತಿದಾರೆ. ಕೊಯ್ಲು ಮುಗಿದ ಮೇಲೆ ಆ ಕಡೆ ರೈತರ ಮೀಟಿಂಗ್ ಇದೆ. ಹಳೇದು ಬಿಡಿ, ನಮ್ಮ ಹೊಸ ತಳಿ ಹಾಕಿ ಅಂತ ಅಲ್ಲೇ ಅನೌನ್ಸ್ ಮಾಡ್ಬಿಡ್ತೀನಿ."

ಹೊಸ ತಳಿ ಯಾವ ಕಾಲದಲ್ಲಿ ಬಿತ್ತಿದರೂ ಬರುತ್ತಿತ್ತು. ಸೊಗಡು ಮಾತ್ರ ಇರಲಿಲ್ಲ. ಸಾಹೇಬರು ಕೆಟ್ಟವರೇನಲ್ಲ, ರೈತನಿಗೆ ಬೇಗ ಏನಾದರೂ ಮಾಡಿಕೊಡಬೇಕು ಎಂಬ ಅವಸರದವರು. ಅಷ್ಟರಲ್ಲಿ ಮೇಡಂ ಚೀಲದ ತಳ ಕೊಡವಿದರು. ಗುರಾಣಿಯಂತಹ ಬೆನ್ನಿನ, ಎಳೆ ಎಲೆಯ ಹಸಿರಿನ ಒಂದು ಹುಳ ಮೇಜಿನ ಮೇಲೆ ಬಿದ್ದು, ಸಾವರಿಸಿಕೊಂಡು, ಫೈಲಿನ ಕಡೆ ನಡೆಯತೊಡಗಿತು. ಕೋಣೆಯೆಲ್ಲ ಅದರ ನಾತ.

"ಇವನ್ಯಾರು?" ಎಂದರು ಮೇಡಂ.

"ನಮ್ಮ ಪೆಟ್ಟಿಗೇಲಿದೆಯಲ್ಲ, ಹುಲ್ಲಿಗೆ ಬೀಳೋ ಹಸಿರು ಹುಳ, ಅದೇ ಇರಬಹುದು" ಎಂದರು ಸಾಹೇಬರು.

ಈಗ ಸಾಹೇಬರೂ ಓಡಬೇಕಾದೀತು ಎಂದು ನಾನು ಕಾದೆ. ಮೇಡಂ ಸಾಹೇಬರ ಹುದ್ದೆಗೆ ಮರ್ಯಾದೆ ಕೊಟ್ಟು ತುಟಿ ಕಚ್ಚಿಕೊಂಡರು. "ಹುಲ್ಲಿನವನಿಗೆ ಅವರೆ ಚೀಲದಲ್ಲಿ ಏನು ಕೆಲಸ, ಅದನ್ನ ನೋಡ್ಕೊಂಡು ಬರ್ತೀವಿ ಸಾರ್" ಎಂದಷ್ಟೇ ಹೇಳಿದರು.

ಮರುದಿನ ನಾವಿಬ್ಬರೂ ಮಾರತ್ತಹಳ್ಳಿವರೆಗೆ ಸಿಟಿ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಕೆರೆ ಏರಿಯ ಮೇಲೆ ನಡೆದೆವು. ರಾಗಿ ಕೊಯ್ದಾಗಿತ್ತು. ಕೂಳೆಯ ನಡುವೆ, ರಾಗಿಯ ಜತೆ ಅಕ್ಕಡಿ ಸಾಲಾಗಿ ಬಿತ್ತಿದ್ದ ಅವರೆ ಮಾತ್ರ ಹಸಿರಾಗಿ ನಿಂತಿತ್ತು. ಅಂಚಿನ ಹುಚ್ಚೆಳ್ಳು ಒಣಗಿತ್ತು, ಹರಳು ಗಿಡಗಳು ಕಾಯಿ ಸಿಡಿಯುವ ಹಂತದಲ್ಲಿದ್ದವು. ಪಕ್ಕದ ಹೊಲಕ್ಕೆ ಯಾರೋ ಕಾರ್ಖಾನೆ ಕಟ್ಟುವವರು ತಂತಿ ಬೇಲಿ ಹಾಕಿ ಬಿಟ್ಟುಹೋಗಿದ್ದರು. ಒಳಗೆ ಹೇಳುವವರು ಕೇಳುವವರಿಲ್ಲದೆ ಕಾಡು ಹರಳು ತಲೆ ಮಟ್ಟಕ್ಕೆ ಬೆಳೆದಿತ್ತು.

ಹೊಲದ ಒಡತಿಯನ್ನು ಊರವರು ಬೀಜದಮ್ಮ ಎನ್ನುತ್ತಿದ್ದರು. ಸುತ್ತಲಿನ ಹಳ್ಳಿಗಳಿಗೆಲ್ಲ ಅವರೆ ಬೀಜ ಹೋಗುತ್ತಿದ್ದುದು ಆಕೆಯ ಮನೆಯಿಂದ. ಕೆಮ್ಮಣ್ಣು ಸವರಿ, ಒಣಗಿಸಿ, ಮಡಕೆಯಲ್ಲಿಟ್ಟ ಬೀಜ. ಆಕೆಗೆ ಅತ್ತೆಯಿಂದ ಬಂದದ್ದು, ಅತ್ತೆಗೆ ಅವರತ್ತೆಯಿಂದ. ಈ ವರ್ಷ ಬೀಜ ಒಯ್ದವರೆಲ್ಲರ ಹೊಲದಲ್ಲೂ ಕಾಳು ಮುದುರಿತ್ತು. ಬೀಜದಮ್ಮನ ಬೀಜ ಬಂಜೆ ಬಿತ್ತು ಎಂದು ಬಾವಿಕಟ್ಟೆಯಲ್ಲಿ ಮಾತು ಹಬ್ಬಿತ್ತು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬದುವಿನ ಮೇಲೆ ನಿಂತಿದ್ದ ರೀತಿ ನೋಡಿಯೇ ನಾನು ಮೇಡಂ ಹಿಂದೆ ಸರಿದೆ.

"ನನ್ ಬೀಜುಕ್ಕೆ ಯೋಗ್ತೆ ಇಲ್ಲ ಅಂದೋರು ಇಲ್ ಬಂದು ನನ್ ಎದುರ್ಗೆ ನಿಂತು ಏಳ್ಲಿ" ಎಂದು ಶುರುಮಾಡಿದಳು. ಮೇಡಂ ಪೂರ್ತಿ ಕೇಳಿಸಿಕೊಂಡರು. ಸಿಟ್ಟು ಇಳಿಯುತ್ತಾ ಬಂದಂತೆ ಆಕೆಯ ದನಿಯೂ ಇಳಿಯಿತು. "ಇದ್ದ ಬೀಜನೆಲ್ಲ ಬಿತ್ತೀವ್ನಿ ಕಣವ್ವ. ಈ ವರ್ಸ ಬೀಜ ಕಟ್ಲಿಲ್ಲ ಅಂದ್ರೆ ಮಡ್ಕೆ ಬರ್ದಾಯ್ತದೆ. ಆಮೇಕೆ ಅದುನ್ನ ತುಂಬ್ಸಾಕೆ ಯಾವ್ ಅಂಗ್ಡೀಗ್ ಓಗ್ಲಿ?"

ಮೇಡಂ ಡಬ್ಬಿಯಿಂದ ಹಸಿರು ಹುಳ ತೆಗೆದು ತೋರಿಸಿದರು. ಆಕೆಯ ಮುಖ ಅರಳಿತು. "ಅಯ್ಯೋ, ಸೊಗಡುಳ! ಅದುನ್ನ ಯಾಕ್ ಇಡ್ಕಂಡ್ರಿ, ಬುಡ್ರವ್ವ. ಸೊಗಡು ಚೆಂದಾಗಿರೋ ಕಡೀಕೇ ಅದು ಬರಾದು. ನಮ್ಮತ್ತೆ ಅದ್ರ ಮ್ಯಾಲೆ ಕೈ ಇಕ್ಕಾಕೆ ಬುಡ್ತಿರ್ಲಿಲ್ಲ."

ಅದು ಆ ಮನೆಯ ನಂಬಿಕೆ. ಹಸಿರು ಹುಳ ಬಂತೆಂದರೆ ಕಾಯಿಗೆ ಸೊಗಡು ಇಳಿದಿದೆ ಎಂದು ಅರ್ಥ. ಕಾಯಿ ಬಿಡಿಸುವ ಆಳುಗಳು ಅದನ್ನು ಹೊಸಕಿದರೆ ಬೈಗುಳ ಖಚಿತ. ಬೀಜಕ್ಕೆ ಬಂದ ಕೆಟ್ಟ ಹೆಸರು ಹೋಗಬೇಕಾದರೆ ಈ ಹುಳ ಕಳ್ಳನಾಗಬೇಕು. ಆಕೆಯೋ ಬೀಜವನ್ನೂ ಹುಳವನ್ನೂ ಒಂದೇ ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ವಾಪಸು ಬರುವಾಗ ಮೇಡಂ ಹೇಳಿದರು: "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿದಾರೆ ಅನ್ಸುತ್ತೆ. ಆದ್ರೆ ಅನ್ಸಿದ್ರೆ ಆಗಲ್ಲ ಅಲ್ವಾ?"

ಬಸ್ಸಿನಲ್ಲಿ ನನ್ನ ತೊಡೆಯ ಮೇಲಿದ್ದ ಡಬ್ಬಿಯೊಳಗೆ, ಹೊಲದಲ್ಲಿ ಹಿಡಿದ ಹುಳಗಳು ಗುಂಡಿಗೊಮ್ಮೆ ಎಗರಿ ಹೆದರಿ ನಾತ ಬಿಟ್ಟವು. ಮುಂದಿನ ಸೀಟಿನವರು ಎದ್ದುಹೋದರು. ಕಂಡಕ್ಟರ್ ಮೂಗು ಮುಚ್ಚಿಕೊಂಡು ಬಂದು, "ಕೊಳೆತ ಕೊತ್ತಂಬರಿ ಸೊಪ್ಪಿಗೆ ಲಗೇಜ್ ಟಿಕೆಟ್ ತಗೋಬೇಕು ಸಾರ್" ಎಂದ. "ಇದು ಸರ್ಕಾರಿ ಸಾಮಾನು" ಎಂದೆ. "ಅದಕ್ಕೇ ಹಿಂಗೆ ನಾರ್ತಿದೆ" ಎಂದು ಹೇಳಿ ಹೋದ. ಮೇಡಂ ಕಿಟಕಿ ಕಡೆ ತಿರುಗಿ ನಗುತ್ತಿದ್ದರು.

ಕಚೇರಿಯ ಮರದ ಪೆಟ್ಟಿಗೆಯಲ್ಲಿ ಹಸಿರು ಹುಳಗಳ ಒಂದು ಸಾಲಿತ್ತು. ಹಸಿರು ಎನ್ನುವುದು ಮಾತಿಗಷ್ಟೇ. ಈ ಹುಳ ಸತ್ತ ಮೇಲೆ ಬಣ್ಣ ಕಳೆದುಕೊಂಡು ಹಳೇ ಕಾಗದದಂತೆ ಹಳದಿಯಾಗುತ್ತದೆ. ಎಲ್ಲವೂ ಒಂದೇ ಥರ ಕಾಣುತ್ತವೆ. ಸಾಲಿನ ಮೊದಲ ಹುಳ ಬಹಳ ಹಿಂದೆ ಹಡಗು ಹತ್ತಿ ಹೋಗಿ, ದೂರದೇಶದ ತಜ್ಞರೊಬ್ಬರಿಂದ ಹೆಸರು ಪಡೆದು ಬಂದದ್ದು. ಕೆಳಗಿನ ಚೀಟಿಯಲ್ಲಿ ಅಕ್ರೋಸ್ಟರ್ನಮ್ ಎಂದು ಬರೆದಿತ್ತು. ಹುಲ್ಲು, ಕಾಡುಗಿಡಗಳ ಮೇಲೆ ಬದುಕುವ ಬಳಗ ಎಂದು ನಮ್ಮ ದಾಖಲೆ. ಆಮೇಲೆ ಬಂದ ಹುಳಗಳನ್ನೆಲ್ಲ ಮೊದಲನೆಯದರ ಬೆನ್ನಿಗೆ ಹೋಲಿಸಿ, ಅದೇ ಇದು ಎಂದು ಹಿಂದೆ ಸೇರಿಸುತ್ತಾ ಹೋಗಿದ್ದರು. ಮುಂದಿನವನ ಬೆನ್ನು ನೋಡಿಕೊಂಡು ಸೀಮೆಎಣ್ಣೆ ಕ್ಯೂನಲ್ಲಿ ನಿಂತವರ ಹಾಗೆ.

ಮೇಡಂ ಜಾತಿ ಗುರುತಿಸುವ ಪುಸ್ತಕ ತೆರೆದರು. "ನೋಡಯ್ಯ, ಇನ್ನೊಬ್ಬ ಇದಾನೆ, ನೆಝಾರಾ ವಿರಿಡುಲಾ ಅಂತ. ಆಫ್ರಿಕಾ, ಯೂರೋಪು, ಅಮೆರಿಕಾ, ಜಪಾನು, ಅವನು ಕಾಲಿಡದ ಊರಿಲ್ಲ. ಎಲ್ಲಿ ಹೋದ್ರೂ ಮೊದಲು ಹುಡುಕೋದು ಅವರೆ, ಹುರುಳಿ ಜಾತಿ ಕಾಯಿನೇ. ಬೆನ್ನ ಕಡೆಯಿಂದ ಇವನೂ ಅವನೂ ಅಣ್ಣತಮ್ಮಂದಿರು. ವ್ಯತ್ಯಾಸ ಇರೋದು ಹೊಟ್ಟೆ ಕಡೆ."

ನಾತ ಬಿಡುವ ರಂಧ್ರ ಹುಳದ ಕೆಳಗೆ, ಹಿಂಗಾಲಿನ ಬುಡದ ಹತ್ತಿರ ಇರುತ್ತದೆ. ಅಲ್ಲಿಂದ ಹೊರಗೆ ಒಂದು ಪುಟ್ಟ ಕಾಲುವೆ. ನೆಝಾರಾದಲ್ಲಿ ಆ ಕಾಲುವೆ ಗಿಡ್ಡ, ಅಗಲ, ಕಿವಿಯ ಹಾಗೆ. ಅಕ್ರೋಸ್ಟರ್ನಮ್‌ನಲ್ಲಿ ಉದ್ದವಾಗಿ ಬಾಗಿ, ತುದಿಗೆ ಸಣ್ಣಗಾಗುತ್ತಾ ಪಕ್ಕದವರೆಗೆ ಹೋಗುತ್ತದೆ. ಹಳ್ಳಿಯ ಹುಳವನ್ನು ಮಲಗಿಸಿ ನಾನು ಸೂಕ್ಷ್ಮದರ್ಶಕದ ಚೌಕಳಿ ಗಾಜಿನ ಅಳತೆಯಲ್ಲಿ ಬರೆದೆ. ಕಿವಿ, ಅಚ್ಚುಕಟ್ಟಾದ ಕಿವಿ. ಹುಳದ ಮೈಯಲ್ಲಿ ಇಷ್ಟು ಚೆಂದದ ತಿರುವು ಯಾರು ಕಡೆದಿಟ್ಟರೋ, ಪೀಣ್ಯದ ಯಾವ ಲೇತಿನಲ್ಲೂ ಅಂಥ ಕೆಲಸ ಕಂಡಿರಲಿಲ್ಲ.

ಚಿತ್ರವನ್ನು ಸಾಹೇಬರಿಗೆ ತೋರಿಸಿದೆವು. ಅವರು ಪೆಟ್ಟಿಗೆಯ ಮೊದಲ ಹುಳದ ಕಡೆ ಬೆರಳು ಮಾಡಿದರು. "ಇದರ ಹೊಟ್ಟೇಲೂ ಕಿವೀನೇ ಇದ್ರೆ? ಆಗ ಎರಡೂ ಒಂದೇ ಆಯ್ತು, ನಮ್ಮ ದಾಖಲೆ ಸರಿ ಆಯ್ತು. ಇದರ ಹೊಟ್ಟೆ ಹೇಗಿದೆ ಹೇಳಿ."

ಹೇಳಲು ಯಾರಿಂದಲೂ ಆಗುವಂತಿರಲಿಲ್ಲ. ನಮ್ಮ ಹಿಂದಿನವರಿಗೆ ಹುಳಗಳನ್ನು ಬಿಳಿ ಕಾರ್ಡಿನ ಮೇಲೆ ಕಾಲು ಹರಡಿ, ಮೀಸೆ ತಿದ್ದಿ, ಅಂದವಾಗಿ ಗೋಂದಿನಿಂದ ಅಂಟಿಸುವ ಗೀಳು. ಇಡೀ ಸಾಲು ಹೊಟ್ಟೆ ಕೆಳಗಾಗಿ ಅಂಟಿ ಕೂತಿತ್ತು. ಗುರುತು ಎಲ್ಲಿದೆಯೋ ಅದೇ ಜಾಗಕ್ಕೆ ಗೋಂದು ಬಳಿದಿದ್ದರು!

"ಬಾಟಮ್ ವ್ಯೂ ಇಲ್ಲದ ಡ್ರಾಯಿಂಗ್ ನಮ್ಮ ಪೀಣ್ಯದಲ್ಲಿ ಪಾಸೇ ಆಗ್ತಿರ್ಲಿಲ್ಲ ಮೇಡಂ" ಎಂದು ಜಂಬ ಕೊಚ್ಚಿದೆ.

"ನಿಮ್ಮ ಪೀಣ್ಯದಲ್ಲಿ ಬೋಲ್ಟು ಮುರಿದ್ರೆ ಇನ್ನೊಂದು ಮಾಡ್ತಾರೆ ಕಣಯ್ಯ. ಇದು ಮುರಿದ್ರೆ?"

ಹೆಸರು ಹೊತ್ತ ಹುಳವನ್ನು ಮೇಲಿನ ಅಪ್ಪಣೆ ಇಲ್ಲದೆ ಮುಟ್ಟುವಂತಿಲ್ಲ. ಅಪ್ಪಣೆ ಬರುವಷ್ಟರಲ್ಲಿ ರೈತರ ಸಭೆ ಮುಗಿದು, ಹೊಸ ಬೀಜ ಹಂಚಿ, ಬೀಜದಮ್ಮನ ಮಡಕೆಯಲ್ಲಿ ಜೇಡ ಬಲೆ ಕಟ್ಟಿರುತ್ತಿತ್ತು. ಮೇಡಂ ಆ ದಿನವೆಲ್ಲ ಪೆಟ್ಟಿಗೆ ಮುಂದಿಟ್ಟುಕೊಂಡು ಕೂತಿದ್ದರು. ಸಂಜೆ ಹೊರಡುವಾಗ, "ಮೊದಲು ಸಾಲಿನ ಹಿಂದಿನವನ ಮೇಲೆ ಕೈ ಪಳಗಿಸೋಣ" ಎಂದರು. ತೀರ್ಮಾನ ಆಗಿಹೋಗಿದೆ ಎಂದು ನನಗೆ ಆಗಲೇ ತಿಳಿಯಿತು.

ಅಗಲ ಬಾಯಿಯ ಜಾಡಿಯಲ್ಲಿ ಒದ್ದೆ ಮರಳು ಹಾಕಿ, ಬೂಸ್ಟು ಹಿಡಿಯದಂತೆ ನಾಲ್ಕು ಹನಿ ಕಾರ್ಬಾಲಿಕ್ ಬಿಟ್ಟು, ಅದರ ಮೇಲೆ ಕಾರ್ಡು ಇಟ್ಟು ಮುಚ್ಚಿದರು. ಒಳಗಿನ ತೇವಕ್ಕೆ ಒಣಗಿದ ಕೀಲುಗಳು ಮೆತ್ತಗಾಗಬೇಕು, ಗೋಂದು ಸಡಿಲಬೇಕು. ಮರುದಿನ ಬೆಳಿಗ್ಗೆ ತೆಗೆದು, ಸಣ್ಣ ಕುಂಚದಿಂದ ಬೆಚ್ಚನೆಯ ನೀರು ತಾಗಿಸಿ, ಹುಳದ ಕೆಳಗೆ ಕುದುರೆ ಕೂದಲೊಂದನ್ನು ತೂರಿಸಿ ಮೆಲ್ಲನೆ ಎಳೆದರು. ಎಡ ಮೀಸೆ ಮುರಿದು ಬಿತ್ತು. ಎಳ್ಳಿನ ಸಿಪ್ಪೆಗಿಂತ ಹಗುರ ಅದು. ಬಿದ್ದ ಶಬ್ದ ನನಗೆ ಕೇಳಿಸಿದಂತಾಯಿತು. ಮೇಡಂ ಕುಂಚ ಕೆಳಗಿಟ್ಟು ಹೇಳಿದ್ದಿಷ್ಟೇ: "ನಮಗೆ ಅವಸರ ಆಯ್ತು. ಗೋಂದಿಗೆ ಅವಸರ ಇಲ್ಲ."

ಮುಂದಿನದಕ್ಕೆ ಜಾಡಿಯಲ್ಲಿ ಇನ್ನೂ ಹೆಚ್ಚು ಕಾಲ ಕೊಟ್ಟರು. ಅದು ಇಡಿಯಾಗಿ ಎದ್ದುಬಂತು. ಹೊಟ್ಟೆಯಲ್ಲಿ ಕಿವಿ. ಸಾಹೇಬರ ಅನುಮಾನವೇ ಗೆಲ್ಲುತ್ತದೋ ಏನೋ ಎಂದು ನನಗೆ ಪುಕುಪುಕು. ಉಳಿದದ್ದು ಮೊದಲ ಹುಳ.

ಅದನ್ನು ಜಾಡಿಗಿಡುವ ಮೊದಲು ಮೇಡಂ ನನ್ನ ಮುಂದಿಟ್ಟರು. "ಬರಿ. ರೋಮ ಬಿಡದೆ ಬರಿ. ಇದು ನಾಳೆ ಪುಡಿಯಾದ್ರೆ ನಿನ್ನ ಚಿತ್ರಾನೇ ಇದರ ಜಾಗದಲ್ಲಿ ಕೂರೋದು." ನಾನು ಹಾಗೇ ಬರೆದೆ. ಬೆನ್ನಿನ ಕುಳಿಗಳನ್ನು ಚುಕ್ಕೆ ಚುಕ್ಕೆಯಾಗಿ, ಭುಜದ ನಡುವಿನ ಮೂರು ಬಿಳಿ ಬೊಟ್ಟುಗಳನ್ನು, ಹಿಂದೆ ಎಂದೋ ತುಂಡಾಗಿದ್ದ ಒಂದು ಉಗುರನ್ನು ಕೂಡ. ಅವರು ಒಂದು ಚೀಟಿಯಲ್ಲಿ 'ಈ ಮಾದರಿಯನ್ನು ನನ್ನ ಹೊಣೆಯಲ್ಲಿ ಕಾರ್ಡಿನಿಂದ ಬಿಡಿಸುತ್ತಿದ್ದೇನೆ' ಎಂದು ಬರೆದು ಸಹಿ ಹಾಕಿ ಪೆಟ್ಟಿಗೆಯಲ್ಲಿ ಮೊದಲೇ ಚುಚ್ಚಿಟ್ಟರು. ಮುರಿದ ಮೇಲೆ ಬರೆದರೆ ಅದು ಸಬೂಬಾಗುತ್ತದೆಯಂತೆ.

"ಕೊಡಿ ಮೇಡಂ, ನಾನು ಬಿಡಿಸ್ತೀನಿ. ನನ್ನ ಕೈ ನಡುಗಲ್ಲ" ಎಂದೆ.

"ನಡುಗಲ್ಲ ಅಂತ ಗೊತ್ತು ಕಣಯ್ಯ. ಮುರಿದ್ರೆ ನನ್ನ ಕೈಲೇ ಮುರೀಬೇಕು."

ಆ ಮಾತಿಗೆ ನನ್ನ ಕಣ್ಣು ತುಂಬಿಬಂತು. ಸಹಿ ಹಾಕುವ ಮೇಲಿನವರನ್ನು ಬಹಳ ಕಂಡಿದ್ದೆ, ಕೈಯನ್ನೂ ತಾವೇ ಕೊಡುವವರನ್ನು ಕಂಡಿರಲಿಲ್ಲ. ಜಾಡಿಯಲ್ಲಿ ಪೂರ್ತಿ ಮೆತ್ತಗಾದ ಮೇಲೆ ಕುದುರೆ ಕೂದಲು ಒಳಗೆ ಹೋಯಿತು, ನಿಂತಿತು, ಒಂದು ಹನಿ ನೀರು ಬಿತ್ತು, ಮತ್ತೆ ಸರಿಯಿತು. ಹೊರಗೆ ಯಾರೋ ಚಹಾ ಬಂತು ಎಂದು ಕೂಗಿದರು. ಮೇಡಂ ಹುಳವನ್ನು ಕುಂಚದ ತುದಿಯಲ್ಲಿ ಎತ್ತಿ, ಹತ್ತಿಯ ಮೇಲೆ ಅಂಗಾತ ಮಲಗಿಸಿ, ಕನ್ನಡಕ ಹಣೆಗೇರಿಸಿದರು. ನೋಡಿದರು. ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು.

ಉದ್ದ ಕಾಲುವೆ! ಬಾಗಿಕೊಂಡು, ಸಣ್ಣಗಾಗುತ್ತಾ ಪಕ್ಕದವರೆಗೆ. ಹೆಸರು ಕೊಟ್ಟ ತಜ್ಞರು ತಪ್ಪಿರಲಿಲ್ಲ, ಬೆನ್ನು ನೋಡಿ ಕ್ಯೂ ನಿಲ್ಲಿಸಿದವರು ತಪ್ಪಿದ್ದರು. ಮುಂದಿನ ದಿನಗಳಲ್ಲಿ ಸಾಲಿನ ಎಲ್ಲವನ್ನೂ ಬಿಡಿಸಿ, ಬೆನ್ನಿನ ಬಲಭಾಗಕ್ಕೆ ಸೂಜಿ ಚುಚ್ಚಿ, ಹೊಟ್ಟೆ ಕಾಣುವಂತೆ ನಿಲ್ಲಿಸಿದೆವು. ಒಂದು ಹೆಸರಿನಡಿ ಎರಡು ಜಾತಿ ಇಷ್ಟು ವರ್ಷ ಒಟ್ಟಿಗೆ ಸಂಸಾರ ಮಾಡಿದ್ದವು. ಹಳ್ಳಿಯದು ನೆಝಾರಾ ವಿರಿಡುಲಾ.

ಮೇಲಿನ ಅಪ್ಪಣೆ ಇಲ್ಲದೆ ಮೇಡಂ ಹುಳ ಮುಟ್ಟಿದ್ದಕ್ಕೆ ಸಾಹೇಬರು ಮುಖ ಗಂಟಿಕ್ಕಿದರೂ ಕಣ್ಣಿಟ್ಟು ನೋಡಿ ಒಪ್ಪಿದರು. ಆಮೇಲೆ ಸರಿಯಾದ ಪ್ರಶ್ನೆಯನ್ನೇ ಕೇಳಿದರು. "ಹೆಸರು ಸಿಕ್ಕಿದ ತಕ್ಷಣ ಕಳ್ಳ ಸಿಕ್ಕಿದ ಹಾಗಾ ಮೇಡಂ? ಅದೇ ಹೊಲದಲ್ಲಿ ಕತ್ತಿನ ಹತ್ರ ಹಳದಿ ಪಟ್ಟಿ ಇರೋದೂ ಇದೆ. ಅದು ಇನ್ನೊಂದು ಜಾತಿ ಅಲ್ವಾ? ಕಾಯಿ ಕೆಡಿಸಿದ್ದು ಯಾರು? ತೋರಿಸಿ, ನಾನು ಸುಮ್ನಾಗ್ತೀನಿ."

ಹೀಗೆ ಕೆಲಸ ಮೂರಾಯಿತು. ಮೊದಲನೆಯದು, ಈ ಹುಳ ಯಾವ ಯಾವ ಗಿಡದಲ್ಲಿ ಬದುಕುತ್ತದೆ ಎಂಬ ಹುಡುಕಾಟ. ಮನೆ ಟಿ. ದಾಸರಹಳ್ಳಿಯಲ್ಲಿದ್ದುದರಿಂದ ಪಡುವಣ ದಿಕ್ಕಿನ ಹುಡುಕಾಟ ನನ್ನ ಪಾಲಿಗೆ ಬಂತು. ಪೀಣ್ಯದ ಕಾಂಪೌಂಡುಗಳ ಹೊರಗಿನ ಹರಳು, ಚಿಕ್ಕಬಾಣಾವರ ಸ್ಟೇಷನ್ನಿನ ಆಚೆಯ ತೊಗರಿ, ಅವರೆ, ದಂಟು, ಎಲ್ಲದರ ಎಲೆಯಡಿಯಲ್ಲೂ ತಲೆ ತೂರಿಸಿದೆ. ಹಳೇ ಕಾರ್ಖಾನೆಯ ಗೆಳೆಯರು ಗೋಡೆ ಮೇಲಿನಿಂದ ಇಣುಕಿ, "ಏನ್ ಗುರು, ಪೊದೆ ಒಳಗೇನು ಡ್ರಾಯಿಂಗಾ?" ಎಂದು ಕಿಚಾಯಿಸಿದರು. ಮೇಡಂ ವೈಟ್‌ಫೀಲ್ಡಿನ ಹಳೇ ಬಂಗಲೆಗಳ ಕೈತೋಟದಲ್ಲಿ ಟೊಮೇಟೊ, ಹುರುಳಿಕಾಯಿ ಗಿಡ ನೋಡಿ ಬಂದರು. ಹುಳ ಕಂಡ ಮಾತ್ರಕ್ಕೆ ಅದು ಆ ಗಿಡದ್ದೆಂದು ಬರೆಯಲು ಅವರು ಬಿಡುತ್ತಿರಲಿಲ್ಲ. "ಮೊಟ್ಟೆ ಇಟ್ಟು ಮರಿ ಬೆಳೆಸಿದ್ರೆ ಅದು ಮನೆ. ಸುಮ್ನೆ ಕೂತಿದ್ರೆ ನೆಂಟಸ್ತನ. 'ನೆಂಟ' ಅಂತ ಬೇರೆ ಬರ್ಕೋ." ಅವರೆ, ತೊಗರಿ, ಹರಳು, ಟೊಮೇಟೊ ಮನೆಯಾದವು, ರಾಗಿ ಕೂಳೆ ನೆಂಟಸ್ತನವಾಯಿತು. ನಗರದ ಈ ತುದಿಯಿಂದ ಆ ತುದಿವರೆಗೆ ಒಂದೇ ಹುಳ, ಒಂದೇ ಕಿವಿ. ಹುಚ್ಚೆಳ್ಳು ಒಣಗಿ ಹರಳು ಬಲಿತ ಮೇಲೆ ಅದು ಇಬ್ಬನಿಯಲ್ಲಿ ಹಸಿರಾಗಿ ಉಳಿದ ಅವರೆಗೆ ಬಂದು ಸೇರುತ್ತಿತ್ತು. ಬೇಲಿಯೊಳಗಿನ ಕಾಡು ಹರಳಿನಲ್ಲಿ ಆ ವರ್ಷ ದಂಡೇ ಹುಟ್ಟಿತ್ತು.

ಎರಡನೆಯದು ಸಾಕುವ ಕೆಲಸ. ಪಟ್ಟಿ ಇಲ್ಲದ ಹುಳವೊಂದು ಗಾಜಿನ ಪಾತ್ರೆಯಲ್ಲಿ ಮೊಟ್ಟೆ ಇಟ್ಟಿತು. ಸಣ್ಣ ಪೀಪಾಯಿಗಳನ್ನು ಒತ್ತೊತ್ತಾಗಿ ಜೋಡಿಸಿದಂತೆ, ಪ್ರತಿಯೊಂದಕ್ಕೂ ಒಂದು ಮುಚ್ಚಳ. ಮರಿಗಳು ಮುಚ್ಚಳ ತಳ್ಳಿ ಬಂದು ಖಾಲಿ ಪೀಪಾಯಿಗಳ ಮೇಲೇ ಗುಂಪಾಗಿ ಕೂತವು. ಆಮೇಲೆ ಸಂತೆಯಿಂದ ತಂದ ಕಾಯಿ ಹಾಕಿದೆವು. ಬೆಳಿಗ್ಗೆ ನೋಡಿದರೆ ಎಲ್ಲ ಸತ್ತು ಉದುರಿದ್ದವು. ಕಾಯಿಗೆ ಯಾರೋ ಔಷಧಿ ಹೊಡೆದಿದ್ದರು. ಮತ್ತೆ ಮೊಟ್ಟೆ, ಮತ್ತೆ ಮೊದಲಿನಿಂದ. ಈ ಸಲ ಕಾಯಿ ಬೀಜದಮ್ಮನ ಹೊಲದ್ದು. ಸೊಗಡುಹುಳ ಸಾಕುತ್ತೇವೆ ಎಂದಾಗ ಆಕೆ ಆರಿಸಿ ಆರಿಸಿ ಎಳೆಕಾಯಿ ತುಂಬಿಕೊಟ್ಟಳು. "ಪಾಪ, ಎಳೇವ್ಕೆ ಕೊಡ್ರವ್ವ" ಎಂದಳು. ಮರಿಗಳು ಪೊರೆ ಬಿಟ್ಟಂತೆಲ್ಲ ವೇಷ ಬದಲಿಸಿದವು. ಕಪ್ಪು ಮೈಗೆ ಬಿಳಿ ಬೊಟ್ಟು, ಆಮೇಲೆ ಹಸಿರು ಮೈಗೆ ಕೆಂಪಂಚು. ಪ್ರತಿ ವೇಷಕ್ಕೂ ನಾನು ಎರಡೆರಡು ನೋಟ ಬರೆದೆ. ರೆಕ್ಕೆ ಬಂದಾಗ ಒಂದೇ ತಾಯಿಯ ಮಕ್ಕಳಲ್ಲಿ ಕೆಲವಕ್ಕೆ ಹಳದಿ ಪಟ್ಟಿ ಇತ್ತು, ಕೆಲವಕ್ಕೆ ಇರಲಿಲ್ಲ. ಸಾಹೇಬರ ಎರಡು ಜಾತಿ ಒಂದೇ ಮನೆಯದಾಯಿತು.

ಮೂರನೆಯದೇ ಕಷ್ಟದ್ದು. ಬೀಜದಮ್ಮನ ಹೊಲದ ಬಳ್ಳಿಗಳ ತುದಿಯಲ್ಲಿ ಆಗತಾನೆ ಕಟ್ಟಿದ ಎಳೆಕಾಯಿ ಗೊಂಚಲಿಗೆ ತೆಳು ಮಲ್ ಬಟ್ಟೆಯ ಚೀಲ ಕಟ್ಟಬೇಕು. ಒಂದೇ ಬಳ್ಳಿ, ಒಂದೇ ಬೀಜ. ಒಂದು ಚೀಲದೊಳಗೆ ಹುಳ ಬಿಡುವುದು, ಇನ್ನೊಂದನ್ನು ಬರಿದೇ ಕಟ್ಟುವುದು. ಸುಮ್ಮನೆ ಕಟ್ಟಿ ಬರಬಹುದಿತ್ತು. ಮೇಡಂ ಹಾಗೆ ಮಾಡಲಿಲ್ಲ. "ಅಮ್ಮ, ನಿಮ್ಮ ಸೊಗಡುಹುಳದ ಮೇಲೇ ನನಗೆ ಅನುಮಾನ. ಅದಕ್ಕೇ ಕಟ್ತಿದೀನಿ" ಎಂದು ನೇರವಾಗಿ ಹೇಳಿದರು.

ಆಕೆ ಕೆಂಡವಾದಳು. "ನಮ್ಮತ್ತೆ ಸುಳ್ಳೇಳುದ್ಲಾ? ನಾನ್ ಕೊಟ್ಟ ಕಾಯ್ನಾಗೆ ಸಾಕಿ ಅದ್ರ ಮ್ಯಾಲೇ ದೂರು ಏಳ್ತೀರಾ?" ಬಹಳ ಹೊತ್ತು ಕೂಗಾಡಿ, ಬದುವಿನ ಮೇಲೆ ಕೂತು, ಕೊನೆಗೆ, "ಕಟ್ರಿ. ಉಳ ಗೆದ್ರೆ ನೀವು ಈ ವಲ ತುಳೀಬಾರ್ದು" ಎಂದಳು. ಅಂದಿನಿಂದ ಚೀಲಗಳಿಗೆ ಆಕೆಯೇ ಕಾವಲು. ಗಾಳಿಗೆ ಹರಿದವನ್ನು ತಾನೇ ಹೊಲಿದಳು, ದನ ಬರದಂತೆ ಮುಳ್ಳು ಹಾಕಿದಳು. ಯಾವ ಗಂಟನ್ನೂ ಬಿಚ್ಚಿ ನೋಡಲಿಲ್ಲ. ತನ್ನ ಹುಳ ಸೋಲಬಹುದಾದ ಪರೀಕ್ಷೆಯನ್ನು ಹೀಗೆ ಕಾಯ್ದ ಆ ಹೆಂಗಸಿಗೂ ನಮ್ಮ ಮೇಡಂಗೂ ಅಕ್ಕತಂಗಿಯರ ಸಂಬಂಧ ಇದ್ದಿರಲೇಬೇಕು ಎಂದು ನನಗನ್ನಿಸಿತು.

ಕಾಯಿ ಒಣಗಿ ಗಲಗಲ ಎನ್ನುವ ಹೊತ್ತಿಗೆ, ಸಭೆಯ ದಿನವೇ, ಸಾಹೇಬರೂ ಸುತ್ತಲಿನ ರೈತರೂ ಹೊಲಕ್ಕೆ ಬಂದರು. ಗಂಟು ಬಿಚ್ಚಲು ಮೇಡಂ ಬೀಜದಮ್ಮನಿಗೇ ಹೇಳಿದರು. ಹುಳ ಇದ್ದ ಚೀಲದ ಕಾಯಿ ಸುಲಿದಳು. ಒಳಗೆ ಸುಕ್ಕು, ಚುಕ್ಕೆ, ಹೊಟ್ಟು. ಹುಳ ಬಿಡದ ಚೀಲದ್ದು ಸುಲಿದಳು. ದುಂಡಗೆ, ಹೊಳೆಯುವ, ತುಂಬಿದ ಕಾಳು ಅಂಗೈಗೆ ಉರುಳಿತು. ಗುಂಪಿನಲ್ಲಿ ಯಾರೋ "ಅಲಾ!" ಎಂದರು. ಇನ್ನೊಂದು ಬಳ್ಳಿ, ಮತ್ತೊಂದು ಬಳ್ಳಿ, ಎಲ್ಲದರಲ್ಲೂ ಅದೇ. ಸಾಹೇಬರು ತಾವೂ ಒಂದು ಚೀಲ ಬಿಚ್ಚಿ ಸುಲಿದು ನೋಡಿದರು. ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು, ರೈತರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು: "ಬೀಜದ್ದು ತಪ್ಪಿಲ್ಲ. ಬೇಲಿ ಒಳಗಿನ ಹರಳು ನಾನು ತೆಗೆಸ್ತೀನಿ. ನಿಮ್ಮ ಗಿಡದ ಎಲೆ ಕೆಳಗೆ ಮೊಟ್ಟೆ ಆರಿಸೋದು ಮೇಡಂ ತೋರಿಸ್ತಾರೆ." ಬೀಜ ಬದಲಿಸುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಗೆದ್ದ ಬೀಜದಮ್ಮನ ಮುಖದಲ್ಲಿ ನಗು ಇರಲಿಲ್ಲ. ಚೀಲದ ಮೂಲೆಯಲ್ಲಿ ಅಂಟಿ ಕೂತಿದ್ದ ಹುಳವನ್ನೇ ನೋಡುತ್ತಿದ್ದಳು. "ಇಷ್ಟ್ ವರ್ಸ ಕಳ್ಳುನ್ಗೇ ಮಣೆ ಆಕ್ದೆ" ಎಂದಳು. ಆಮೇಲೆ ಮೇಡಂ ಕಡೆ ತಿರುಗಿ ಕೇಳಿದಳು: "ಅದು ಬಂದ ವಲ್ದಾಗೆ ಸೊಗಡು ಇರ್ತಿತ್ತಲ್ಲವ್ವ, ಅದೂ ಸುಳ್ಳಾ?"

ಮೇಡಂ ಆಕೆಯ ಪಕ್ಕ ಕೂತರು. "ಅದನ್ನ ನಾನು ನೋಡಿಲ್ಲಮ್ಮ. ನೋಡದೇ ಇರೋದನ್ನ ಸುಳ್ಳು ಅನ್ನಲ್ಲ."

ಆಗ ಬೀಜದಮ್ಮ ಸೆರಗು ಚಾಚಿದಳು. ಹುಳ ಬಿಡದ ಚೀಲಗಳಿಂದ ಬಂದ ಬೊಗಸೆಯಷ್ಟು ಕಾಳು ಮೇಡಂ ಮುಂದಿನ ತಟ್ಟೆಯಲ್ಲಿತ್ತು. ಇಡೀ ಹೊಲದಲ್ಲಿ ಬಿತ್ತಲು ಯೋಗ್ಯವಾದದ್ದು ಅದೊಂದೇ. "ಮೇಡಂ, ಅದು ಸಾಕ್ಷಿ. ವರದಿ ಜತೆ ಮೇಲಕ್ಕೆ ಹೋಗ್ಬೇಕು" ಎಂದು ಸಾಹೇಬರು ಮೆಲ್ಲಗೆ ಹೇಳಿದರು. ಅವರ ಮಾತು ನಿಯಮದ ಪ್ರಕಾರ ಸರಿಯೇ. ಈಗಾಗಲೇ ಒಂದು ನಿಯಮ ಮುರಿದಿದ್ದ ಮೇಡಂ ತಟ್ಟೆ ನೋಡಿದರು, ಸೆರಗು ನೋಡಿದರು, ನನ್ನನ್ನು ನೋಡಿದರು.

"ಪೆನ್ಸಿಲ್ ಇದೆಯೇನಯ್ಯ?"

ಬದುವಿನ ಮೇಲೆ ಹಲಗೆ ಇಟ್ಟುಕೊಂಡು ಬರೆದೆ. ತುಂಬಿದ ಕಾಳು, ಸುಕ್ಕಿದ ಕಾಳು, ಎರಡಕ್ಕೂ ಮೇಲುನೋಟ, ಕೆಳನೋಟ, ಪಕ್ಕದ ನೋಟ. ಇಡೀ ಊರು ಸುತ್ತ ನಿಂತು ನೋಡಿತು. ಮುಗಿದ ಹಾಳೆಗೆ ಸಾಹೇಬರೇ ಮೊದಲು ಸಹಿ ಹಾಕಿದರು. ಮೇಡಂ ತಟ್ಟೆಯನ್ನು ಸೆರಗಿಗೆ ಬಗ್ಗಿಸಿ, "ಪೆಟ್ಟಿಗೇಲಿಡೋಕೆ ಒಂದು ಕಾಳು ಕೊಡ್ತೀರಾಮ್ಮ?" ಎಂದು ಕೇಳಿದರು. ಬೀಜದಮ್ಮ ಆರಿಸಿ ಎರಡು ಕೊಟ್ಟಳು. ಬೀಜವನ್ನು ಒಂಟಿಯಾಗಿ ಕೊಡಬಾರದಂತೆ.

ಒಂದು ಕಾಳು ಪೆಟ್ಟಿಗೆಯಲ್ಲಿ, ಸೂಜಿಯ ಮೇಲೆ ನಿಂತ ಹುಳಗಳ ಪಕ್ಕದಲ್ಲಿ ಉಳಿಯಿತು. ಇನ್ನೊಂದನ್ನು ಮೇಡಂ ಮಳೆಗಾಲದಲ್ಲಿ ಕಚೇರಿಯ ಬೇಲಿ ಬುಡಕ್ಕೆ ಊರಿದರು. ಬೀಜದಮ್ಮನ ಮಡಕೆ ಆ ವರ್ಷ ಅರ್ಧವಾದರೂ ತುಂಬುತ್ತದೆಂದು ಸುದ್ದಿ ಬಂತು. ನಮ್ಮ ಬೇಲಿಯ ಬಳ್ಳಿಯೂ ಹಬ್ಬಿ, ಹೂ ಬಿಟ್ಟು, ಕಾಯಿ ಕಟ್ಟಿತು. ಡಿಸೆಂಬರಿನ ಇಬ್ಬನಿಯ ಒಂದು ಬೆಳಿಗ್ಗೆ ನಾನಿನ್ನೂ ಸೈಕಲ್ಲಿಗೆ ಸ್ಟ್ಯಾಂಡ್ ಹಾಕುತ್ತಿದ್ದೆ. ಮೇಡಂ ಬೇಲಿಯ ಹತ್ತಿರ ಕುಕ್ಕುರುಗಾಲಿನಲ್ಲಿ ಕೂತು, ಒಂದು ಕಾಯಿಯನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ ಅದರ ಅಡಿ ನೋಡುತ್ತಿದ್ದರು. ಅಲ್ಲಿ ಹಸಿರು ಹುಳವೊಂದು ಕೂತಿತ್ತು.

"ಪೆನ್ಸಿಲ್ ತಗೊಂಡು ಬಾರಯ್ಯ" ಎಂದು ಕೂಗಿದರು. "ನಮ್ಮ ಅವರೆಗೆ ಸೊಗಡು ಬಂದಿದೆ."